ಸ್ಯಾಮನ್ ಮೀನಿನ ಎಲ್ ಎಲ್ಲಿ ಹೋಯಿತು?

ಸ್ಯಾಮನ್ ಎಂಬ ಮೀನಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ನಡುವೆ ಒಂದು ‘ಎಲ್’ ಇರುತ್ತದೆ. ಹೇಳುವಾಗ ಇರುವುದಿಲ್ಲ. ಮೆನುವಿನಲ್ಲಿ ಕಂಡದ್ದನ್ನು ಕಂಡ ಹಾಗೆಯೇ ಓದಿ ‘ಸಾಲ್ಮನ್’ ಎಂದವರನ್ನು ನೋಡಿ ಮುಸಿಮುಸಿ ನಗುವವರಿದ್ದಾರೆ. ನನ್ನನ್ನು ಕೇಳಿದರೆ ತಪ್ಪು ಓದಿದವರದಲ್ಲ, ಬರೆದವರದು. ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಈ ಪದದಲ್ಲಿ ಎಲ್ ಇರಲೇ ಇಲ್ಲ. ಆಮೇಲೆ ಲ್ಯಾಟಿನ್ ಓದಿಕೊಂಡ ಪಂಡಿತರು, ಮೂಲದಲ್ಲಿ ‘ಸಾಲ್ಮೊ’ ಎಂದಿದೆಯಲ್ಲ ಎಂದು ಬರಹದಲ್ಲಿ ಅದನ್ನು ತುರುಕಿದರು. ಜನರ ಬಾಯಿ ಮಾತ್ರ ಪಂಡಿತರಿಗೆ ಸೊಪ್ಪು ಹಾಕಲಿಲ್ಲ. ಇನ್ನೂ ಸೊಗಸಾದ ಉದಾಹರಣೆ ಬೇಕೆಂದರೆ, ದಿನಸಿ, ಆಹಾರ ಸಾಮಗ್ರಿ ಎಂಬ ಅರ್ಥದ ಹಳೆಯ ಪದವೊಂದಿದೆ. ನೋಡಿದರೆ ‘ವಿಕ್ಚುಯಲ್ಸ್’, ಹೇಳಬೇಕಾದ್ದು ‘ವಿಟಲ್ಸ್’. ಅಲ್ಲಿಯ ‘ಸಿ’ ಕೂಡ ಲ್ಯಾಟಿನ್ ಅಭಿಮಾನಿಗಳ ಕೊಡುಗೆಯೇ. ದಕ್ಷಿಣ ಕನ್ನಡದ ವಿಟ್ಲದವರಿಗೆ ಇದನ್ನು ನೆನಪಿಡುವುದು ಕಷ್ಟವಾಗಲಾರದು.

ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಮುದ್ರಣಯಂತ್ರ ತಂದದ್ದು 1476ರಲ್ಲಿ. ಅಚ್ಚಿನ ಮೊಳೆ ಬಂದಮೇಲೆ ಕಾಗುಣಿತ ನಿಧಾನವಾಗಿ ಗಟ್ಟಿಯಾಗುತ್ತ ಹೋಯಿತು, ಉಚ್ಚಾರಣೆ ಮಾತ್ರ ತನ್ನ ಪಾಡಿಗೆ ಬದಲಾಗುತ್ತಲೇ ಇತ್ತು. ಅದರ ಜೊತೆಗೆ ಇಂಗ್ಲಿಷರು ಊಟದ ವಿಷಯದಲ್ಲಿ ಕಂಡಕಂಡವರ ಮನೆಯಿಂದ ಹೆಸರು ತಂದರು. ಫ್ರೆಂಚರಿಂದ, ಇಟಲಿಯವರಿಂದ, ಮೆಕ್ಸಿಕೊದಿಂದ, ಜಪಾನಿನಿಂದ, ನಮ್ಮಿಂದಲೂ. ತಂದವರು ಆಯಾ ಭಾಷೆಯ ಕಾಗುಣಿತವನ್ನೂ ಹಾಗೆಯೇ ಎತ್ತಿಕೊಂಡು ಬಂದರು. ಹೀಗಾಗಿ ಒಂದೇ ಮೆನುವಿನಲ್ಲಿ ಐದಾರು ಭಾಷೆಗಳ ಓದುವ ನಿಯಮಗಳು ಒಟ್ಟಿಗೆ ಕೂತಿರುತ್ತವೆ. ಬರೆದಂತೆ ಓದಿ ಅಭ್ಯಾಸವಾದ ಕನ್ನಡಿಗರು ಅಲ್ಲಿ ತಡವರಿಸುವುದು ಸಹಜ.

ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಇದೆಲ್ಲ ಇಂಗ್ಲಿಷ್ ಮಾತಾಡುವಾಗಿನ ಕಥೆ. ಕನ್ನಡದಲ್ಲಿ ಮಾತಾಡುವಾಗ ಬ್ರೆಡ್ಡು, ಬನ್ನು, ಕೇಕು, ಪಿಜ್ಜಾ, ಬಿಸ್ಕತ್ತು, ಹೋಟ್ಲು ಎಲ್ಲವೂ ಸರಿ. ಅವು ನಮ್ಮ ವ್ಯಾಕರಣಕ್ಕೆ ಒಗ್ಗಿದ ನಮ್ಮ ಪದಗಳು. ‘ಒಂದು ಬಿಸ್ಕಿಟ್ ಕೊಡಿ’ ಎಂದು ಬೇಕರಿಯಲ್ಲಿ ನಾಜೂಕು ಮಾಡುವ ಅಗತ್ಯ ಯಾರಿಗೂ ಇಲ್ಲ. ಇಂಗ್ಲಿಷರೂ ಒಂದು ಕಾಲದಲ್ಲಿ ಅದನ್ನು ಹೇಳುವ ಹಾಗೆಯೇ ನೇರವಾಗಿ ಬರೆಯುತ್ತಿದ್ದರು. ಆಮೇಲೆ ಫ್ರೆಂಚ್ ಕಾಗುಣಿತದ ಮೋಹಕ್ಕೆ ಬಿದ್ದು ‘ಯು’ ಅಕ್ಷರವನ್ನು ಸೇರಿಸಿ ಕೆಡಿಸಿಕೊಂಡರು. ಆದರೆ ಹೋಟೆಲ್ ಮ್ಯಾನೇಜ್‌ಮೆಂಟ್ ಓದುವ ಹುಡುಗ ಹುಡುಗಿಯರಿಗೆ, ದೊಡ್ಡ ರೆಸ್ಟೋರೆಂಟುಗಳಲ್ಲಿ ಬಡಿಸುವವರಿಗೆ, ವಿದೇಶದಲ್ಲಿ ಕೂತು ಆರ್ಡರ್ ಕೊಡಬೇಕಾದವರಿಗೆ ಇಂಗ್ಲಿಷಿನ ರೂಪ ಗೊತ್ತಿದ್ದರೆ ಕೆಲಸ ಸಲೀಸು. ಈ ಬರಹ ಅವರಿಗಾಗಿ.

ಇಲ್ಲಿ ‘ಝ’ ಎಂದು ಬರೆದಲ್ಲೆಲ್ಲ ಝೂ, ಝೀರೊ ಎನ್ನುವಾಗಿನ ದನಿ ಎಂದುಕೊಳ್ಳಿ. ‘ಫ’ ಎಂದರೆ ಫ್ಯಾನ್, ಫೀಸು ಎನ್ನುವಾಗಿನದು.

ಅಡುಗೆಮನೆಯಿಂದಲೇ ಶುರು

ಇಟಲಿಯ ತಿನಿಸೊಂದರ ಹೆಸರು ಗ್ನೋಚಿಯೋ ನ್ಯೋಕಿಯೋ ಎಂಬ ಚಿಂತೆ ವರ್ಷಕ್ಕೊಮ್ಮೆ ಬರುವಂಥದು. ದಿನವೂ ಬಾಯಿಗೆ ಬರುವ ಪದಗಳಲ್ಲೇ ನಾವು ಹೆಚ್ಚು ಎಡವುತ್ತೇವೆ. ಕೇಕು ಬೇಯಿಸುವ ಪೆಟ್ಟಿಗೆ ‘ಓವನ್’ ಅಲ್ಲ, ‘ಅವನ್’. ‘ಅವನ್ ಬಂದ’ ಎನ್ನುವಾಗಿನ ಅವನ್ ಹೇಗೋ ಹಾಗೆಯೇ. ಈರುಳ್ಳಿ ‘ಆನಿಯನ್’ ಅಲ್ಲ, ‘ಅನ್ಯನ್’. ಜೇನು ‘ಹನಿ’, ಮಳೆಹನಿಯ ಹನಿಯನ್ನೇ ಹೇಳಿದರೆ ಸಾಕು. ಸೂಪು ಹಾಕಿಕೊಡುವ ಬಟ್ಟಲು ‘ಬೌಲ್’ ಅಲ್ಲ, ‘ಬೋಲ್’. ನಾದಿದ ಹಿಟ್ಟು ‘ಡೋ’, ‘ಡಫ್’ ಅಲ್ಲ. ಚಪ್ಪಲಿಯ ಜೋಡಿಗೆ ಹೇಳುವ ‘ಪೇರ್’ ಹೇಗೋ, ಮರಸೇಬು ಹಣ್ಣಿನ ಹೆಸರಿಗೂ ಅದೇ ಉಚ್ಚಾರಣೆ, ‘ಪಿಯರ್’ ಅಲ್ಲ. ಲೆಟ್ಯೂಸ್ ಎಂಬುದು ‘ಲೆಟಿಸ್’. ಎಳ್ಳು ‘ಸೆಸಮಿ’, ಮೂರು ಮಾತ್ರೆ. ತರಕಾರಿಯ ಕೊನೆಯಲ್ಲಿ ಟೇಬಲ್ ಇಡಬೇಡಿ; ಅದು ‘ವೆಜ್‌ಟಬಲ್’.

ಕೆಲವು ಪದಗಳಲ್ಲಿ ಒಂದಿಡೀ ಅಕ್ಷರ ಮೌನವ್ರತ ಹಿಡಿದಿರುತ್ತದೆ. ರಾಸ್ಪ್‌ಬೆರಿಯ ‘ಪಿ’ ಕೇಳಿಸದು. ‘ರಾಝ್‌ಬರಿ’ ಎಂದರೆ ಬ್ರಿಟಿಷ್, ‘ರ್ಯಾಝ್‌ಬೆರಿ’ ಎಂದರೆ ಅಮೆರಿಕನ್. ಬಾದಾಮಿ ಬ್ರಿಟನ್ನಿನಲ್ಲಿ ‘ಆಮಂಡ್’. ಅಮೆರಿಕದಲ್ಲಿ ಎಲ್ ಹೇಳುವವರೂ ಇದ್ದಾರೆ, ಹೇಳದವರೂ ಇದ್ದಾರೆ. ಕೋಕೊ ಪುಡಿಯ ಹೆಸರಿನ ಕೊನೆಯ ‘ಎ’ ಅಲಂಕಾರಕ್ಕೆ ಮಾತ್ರ. ಪಾಸ್ತಾದ ಮೇಲೆ ಉದುರಿಸುವ ಥೈಮ್ ಎಂಬ ಎಲೆಯ ಹೆಸರು ಗಡಿಯಾರದ ‘ಟೈಮ್’ ಇದ್ದಂತೆಯೇ; ಅಲ್ಲಿಯ ‘ಎಚ್’ ದಂಡಕ್ಕೆ. ಇಂಗಿಗಿರುವ ಉದ್ದನೆಯ ಇಂಗ್ಲಿಷ್ ಹೆಸರಿನ ನಡುವೆ ಒಂದು ‘ಓ’ ಕಾಣುತ್ತದೆ, ಅದನ್ನೂ ಮರೆತುಬಿಡಿ: ‘ಆ್ಯಸಫೆಟಿಡ’. ಜೋಳದ ಕಾಳಿಗೂ ಸೇನೆಯ ಅಧಿಕಾರಿಗೂ ಇಂಗ್ಲಿಷಿನಲ್ಲಿ ಬೇರೆ ಬೇರೆ ಕಾಗುಣಿತ, ಹೇಳುವಾಗ ಇಬ್ಬರೂ ‘ಕರ್ನಲ್’ಗಳೇ.

ಇನ್ನು ನಮ್ಮ ನಾಲಿಗೆಯ ಎರಡು ಅಭ್ಯಾಸಗಳಿವೆ. ಪದ ‘ಎ’ಯಿಂದ ಶುರುವಾದರೆ ಕನ್ನಡಿಗರ ಬಾಯಲ್ಲಿ ಅದಕ್ಕೊಂದು ಯಕಾರ ಬಂದು ಸೇರುತ್ತದೆ, ‘ಒ’ದಿಂದ ಶುರುವಾದರೆ ವಕಾರ. ಎಲೆ ಯೆಲೆಯಾಗುವ, ಒಲೆ ವೊಲೆಯಾಗುವ ಈ ಚಂದ ಇಂಗ್ಲಿಷಿಗೆ ಹೋದಾಗ ‘ಯೆಗ್’ ಆಗುತ್ತದೆ, ಓಟ್ಸ್ ತಿಂದವರು ‘ವೋಟ್ಸ್’ ತಿಂದಂತಾಗುತ್ತದೆ. ಚುನಾವಣೆಯ ಕಾಲದಲ್ಲಿ ಇದು ಅಪಾರ್ಥಕ್ಕೂ ಎಡೆಯಾದೀತು. ಎರಡನೆಯದು ಒತ್ತು. ಕನ್ನಡದಲ್ಲಿ ಪದದ ಯಾವ ಭಾಗವನ್ನು ಗಟ್ಟಿಯಾಗಿ ಹೇಳಿದರೂ ಅರ್ಥ ಬದಲಾಗುವುದಿಲ್ಲ, ಇಂಗ್ಲಿಷಿನಲ್ಲಿ ಬದಲಾಗುತ್ತದೆ. ಊಟದ ಕೊನೆಯ ಸಿಹಿಗೆ ‘ಡಿಝರ್ಟ್’ ಎನ್ನುತ್ತಾರೆ, ಒತ್ತು ಕೊನೆಯ ಭಾಗದ ಮೇಲೆ. ಮೊದಲ ಭಾಗವನ್ನು ಒತ್ತಿ ‘ಡೆಝರ್ಟ್’ ಎಂದರೆ ಅದು ಮರುಭೂಮಿ. ಬಡಿಸುವವರಿಗೆ ಹೇಗೂ ಅರ್ಥವಾಗುತ್ತದೆ ಬಿಡಿ, ಊಟವಾದ ಮೇಲೆ ಯಾರೂ ರಾಜಸ್ಥಾನವನ್ನು ಕೇಳುವುದಿಲ್ಲ. ಆದರೂ ಹೋಟೆಲ್ ಕೆಲಸದ ಸಂದರ್ಶನಕ್ಕೆ ಕೂತವರು ಇದೊಂದನ್ನು ಸರಿ ಮಾಡಿಕೊಳ್ಳುವುದು ಒಳ್ಳೆಯದು.

ಕನ್ನಡ ಲಿಪಿಯ ಒಂದು ಕೊರತೆಯನ್ನೂ ಒಪ್ಪಬೇಕು. ‘ಸಾಸ್’, ‘ಕಾಫಿ’, ‘ಆಲಿವ್’ ಎಂದು ನಾವು ಬರೆಯುವಲ್ಲಿರುವ ಸ್ವರ ‘ಆ’ಕಾರವೂ ಅಲ್ಲ, ‘ಓ’ಕಾರವೂ ಅಲ್ಲ, ಎರಡರ ನಡುವಿನದು. ಅದಕ್ಕೆ ಹಿಂದಿಯಲ್ಲಿ ಬೇರೆ ಗುರುತು ಇದೆ, ನಮ್ಮಲ್ಲಿ ಬಳಕೆಯಲ್ಲಿಲ್ಲ. ಇಂಥ ಕಡೆ ತುಟಿಯನ್ನು ತುಸು ದುಂಡಗೆ ಮಾಡಿ ‘ಆ’ ಎಂದರೆ ಹತ್ತಿರ ಬರುತ್ತದೆ.

ಸಿ-ಎಚ್ ಎಂಬ ನಾಲ್ಕೂರಿನ ಅತಿಥಿ

ಮೆನು ಓದಲು ಒಂದೇ ಒಂದು ಗುಟ್ಟು ಹೇಳಿಕೊಡಿ ಎಂದರೆ ನಾನು ಸಿ-ಎಚ್ ಜೋಡಿಯನ್ನು ಹಿಡಿಯಿರಿ ಎನ್ನುತ್ತೇನೆ. ಆ ಎರಡಕ್ಷರ ಒಟ್ಟಿಗೆ ಕಂಡಾಗ ತಿನಿಸು ಯಾವ ದೇಶದ್ದೆಂದು ಮೊದಲು ಕೇಳಿಕೊಳ್ಳಿ. ಇಂಗ್ಲಿಷಿನದೇ ಆದರೆ ‘ಚ’: ಚೀಝ್, ಚೆರಿ, ಚಿಕನ್. ಸ್ಪ್ಯಾನಿಷ್ ಆದರೂ ‘ಚ’: ನಾಚೊ, ಚುರೊ, ಸೆವೀಚೆ. ಫ್ರೆಂಚ್ ಆದರೆ ‘ಶ’: ಶಾಂಪೇನ್, ಬ್ರೀಓಶ್, ಗನಾಶ್, ಕೀಶ್. ಇಟಲಿಯದಾದರೆ ‘ಕ’: ಬ್ರುಸ್ಕೆಟ್ಟಾ, ಝುಕೀನಿ, ಮಾಕ್ಯಾಟೊ.

ಅಡುಗೆಯ ಮುಖ್ಯಸ್ಥ ‘ಚೆಫ್’ ಅಲ್ಲ, ‘ಶೆಫ್’ ಎನ್ನುವುದು ಈ ಲೆಕ್ಕದಿಂದಲೇ. ಹಾಗಾದರೆ ‘ಚೀಫ್’ ಏಕೆ ಚಕಾರದಲ್ಲಿದೆ? ಎರಡೂ ಫ್ರೆಂಚಿನ ಒಂದೇ ಪದ, ಎರಡು ಸಲ ಇಂಗ್ಲಿಷಿಗೆ ಬಂದದ್ದು. ಮೊದಲ ಸಲ ಬಂದದ್ದು ಸುಮಾರು ಏಳು ಶತಮಾನಗಳ ಹಿಂದೆ, ಫ್ರೆಂಚರೂ ಅಲ್ಲಿ ‘ಚ’ ಎನ್ನುತ್ತಿದ್ದ ಕಾಲದ ರೂಪವನ್ನು ಹೊತ್ತು. ಆಮೇಲೆ ಫ್ರೆಂಚರ ಬಾಯಲ್ಲಿ ಚಕಾರ ಶಕಾರವಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಅಡುಗೆಯವರ ಜೊತೆ ಎರಡನೆಯ ಸಲ ಬರುವಾಗ ಅದು ‘ಶೆಫ್’ ಆಗಿತ್ತು. ಮನೆಯೊಳಗೆ ಹಳಬನಾದಷ್ಟೂ ಪದ ಇಂಗ್ಲಿಷಿನಂತೆ ಮಾತಾಡುತ್ತದೆ, ಹೊಸಬನಾದರೆ ತವರಿನಂತೆ. ಅನುಮಾನ ಬಂದಾಗ ಈ ಅಳತೆಗೋಲು ಬಹಳ ಸಲ ಕೆಲಸಕ್ಕೆ ಬರುತ್ತದೆ.

ಇಟಲಿಯವರದು ನೇರ ಲೆಕ್ಕ. ಅವರ ಕಾಗುಣಿತದಲ್ಲಿ ‘ಸಿ’ಯ ಮುಂದೆ ‘ಇ’ಯೋ ‘ಐ’ಯೋ ಬಂದರೆ ಚಕಾರ: ಚಬಾಟಾ, ಫೊಕಾಚ್ಚಾ, ಕಪ್ಪುಚೀನೊ. ಅಲ್ಲಿ ಕಕಾರವೇ ಬೇಕಿದ್ದರೆ ನಡುವೆ ಒಂದು ‘ಎಚ್’ ಅನ್ನು ಬೇಲಿಯ ಹಾಗೆ ಹಾಕುತ್ತಾರೆ. ಅದಕ್ಕೇ ಬ್ರುಸ್ಕೆಟ್ಟಾ. ಕೆಂಡದ ಮೇಲೆ ಸುಡುವುದು ಎಂಬ ಅರ್ಥದ ರೋಮಿನ ಆಡುಮಾತಿನಿಂದ ಬಂದ ಈ ಹೆಸರನ್ನು ಇಂಗ್ಲೆಂಡ್, ಅಮೆರಿಕದವರೇ ‘ಬ್ರುಶೆಟಾ’ ಎಂದು ಕೆಡಿಸುತ್ತಾರೆ. ಅವರಿಗಿಂತ ನೀವು ಸರಿಯಾಗಿ ಹೇಳಬಲ್ಲಿರಿ.

ಒತ್ತಕ್ಷರ ನಮಗೆ ಹೊಸದಲ್ಲ

ಇದು ಹೆಮ್ಮೆಗೆ ಹೇಳುವ ಮಾತಲ್ಲ, ನಿಜ. ಇಟಾಲಿಯನ್ನಿನಲ್ಲಿ ವ್ಯಂಜನ ಎರಡು ಸಲ ಬರೆದಿದ್ದರೆ ಅದನ್ನು ಒತ್ತಿಯೇ ಹೇಳಬೇಕು. ಇಂಗ್ಲಿಷ್ ನಾಲಿಗೆಗೆ ಪದದ ನಡುವೆ ಆ ಅಭ್ಯಾಸವೇ ಇಲ್ಲ. ಅಕ್ಕ, ಹತ್ತು, ಬೆಲ್ಲ, ತುಪ್ಪ ಎಂದು ಬೆಳೆದವರಿಗೆ ‘ಲಾತ್ತೆ’, ‘ಮೊತ್ಸರೆಲ್ಲಾ’, ‘ಟಾಲ್ಯಾತೆಲ್ಲೆ’ ಹೇಳಲು ಯಾರ ಪಾಠವೂ ಬೇಡ. ‘ಪೆನ್ನೆ’ ಪಾಸ್ತಾ ಕೇಳುವಾಗಲಂತೂ ಇಟಲಿಯಲ್ಲಿ ನಕಾರದ ಒತ್ತನ್ನು ಬಿಡಲೇಬೇಡಿ. ಬಿಟ್ಟರೆ ಅದು ಮನೆಮಂದಿಯ ಎದುರು ಹೇಳಲಾಗದ ಮಾತಾಗುತ್ತದೆ. ಅಲ್ಲಿ ಬರೀ ‘ಲಾತ್ತೆ’ ಎಂದು ಕೇಳಿದರೆ ಕಾಫಿ ಬರುವುದಿಲ್ಲ, ಒಂದು ಲೋಟ ಹಾಲು ಬರುತ್ತದೆ. ‘ಕಾಫೆ ಲಾತ್ತೆ’ ಎನ್ನಬೇಕು. ಬೆಂಗಳೂರಿನಲ್ಲಿ, ಲಂಡನ್ನಿನಲ್ಲಿ ‘ಲಾಟೆ’ ಎಂದರೆ ಸಾಕು. ಎಸ್ಪ್ರೆಸೊದಲ್ಲಿ ‘ಎಕ್ಸ್’ ಇಲ್ಲ, ಅದು ರೈಲಲ್ಲ.

ಪನೀನಿ ಎಂಬ ಬ್ರೆಡ್ ತಿನಿಸನ್ನು ನಮ್ಮವರು ಪ್ರೀತಿಯಿಂದ ‘ಪಾಣಿನಿ’ ಎನ್ನುವುದುಂಟು. ವ್ಯಾಕರಣದ ಮುನಿಗೂ ಇದಕ್ಕೂ ನಂಟಿಲ್ಲ. ಆದರೆ ವ್ಯಾಕರಣ ಇಲ್ಲಿಯೂ ಇದೆ: ಇಟಲಿಯಲ್ಲಿ ‘ಪನೀನಿ’ ಬಹುವಚನ, ಒಂದೇ ಆದರೆ ‘ಪನೀನೊ’.

ಇನ್ನು ‘ಜಿ-ಎನ್’. ಇಟಲಿ ಮತ್ತು ಫ್ರಾನ್ಸಿನ ಪದಗಳಲ್ಲಿ ಈ ಜೋಡಿಯ ದನಿ ನಮ್ಮ ವರ್ಣಮಾಲೆಯಲ್ಲಿ ಚ-ಛ-ಜ-ಝಗಳ ಕೊನೆಗೆ ಕೆಲಸವಿಲ್ಲದೆ ಕೂತಿರುವ ‘ಞ’. ಮಲಯಾಳಿಗಳು ‘ನಾನು’ ಎನ್ನುವುದಕ್ಕೆ ಬಳಸುವ ಪದದ ಮೊದಲ ಅಕ್ಷರವನ್ನು ನೆನಪಿಸಿಕೊಂಡರೂ ಆದೀತು. ಆಲೂಗಡ್ಡೆಯ ಪುಟ್ಟ ಉಂಡೆಗಳ ತಿನಿಸು ‘ಞೊಕ್ಕಿ’, ಪದರ ಪದರವಾಗಿ ಬೇಯಿಸಿದ್ದು ‘ಲಝಾಞ’, ಫ್ರಾನ್ಸಿನ ಮದ್ಯ ‘ಕಾಞಾಕ್’. ನ್ಯೋಕಿ, ಲಝಾನ್ಯ, ಕಾನ್ಯಾಕ್ ಎಂದರೂ ಇಂಗ್ಲಿಷಿಗೆ ಸಾಕು. ಸ್ಪ್ಯಾನಿಷಿನಲ್ಲಿ ಇದೇ ದನಿಗೆ ‘ಎನ್’ ಅಕ್ಷರದ ತಲೆಯ ಮೇಲೆ ಒಂದು ಅಲೆಗೆರೆ ಎಳೆಯುತ್ತಾರೆ. ಪಿಜ್ಜಾದ ಮೇಲಿನ ಹಸಿರು ಮೆಣಸಿನ ಬಿಲ್ಲೆ ‘ಜಲಪೆನೊ’ ಅಲ್ಲ, ‘ಹಲಪೇನ್ಯೊ’. ಮೆಕ್ಸಿಕೊದ ವೆರಾಕ್ರೂಸ್ ರಾಜ್ಯದ ರಾಜಧಾನಿ ಹಲಾಪಾ, ಮೆಣಸಿಗೆ ಆ ಊರಿನ ಹೆಸರು. ನಮ್ಮ ಬ್ಯಾಡಗಿಯ ಹಾಗೆಯೇ.

ಫ್ರೆಂಚರ ಬಾಲ

ಫ್ರೆಂಚ್ ಹೆಸರುಗಳನ್ನು ಕಂಡರೆ ಎಲ್ಲರಿಗೂ ದಿಗಿಲು. ಅರ್ಧ ದಿಗಿಲು ಒಂದು ನಿಯಮದಿಂದ ಹೋಗುತ್ತದೆ: ಪದದ ಕೊನೆಯ ‘ಟಿ’ಯನ್ನು ಸಾಮಾನ್ಯವಾಗಿ ಹೇಳುವುದಿಲ್ಲ, ಅದರ ಮುಂದೆ ‘ಇ’ ಇದ್ದರೆ ಹೇಳುತ್ತಾರೆ. ಆದ್ದರಿಂದ ಗೋರ್ಮೇ, ಸೋರ್ಬೇ, ಬುಫೇ. ಆದರೆ ಬಗೆಟ್, ವಿನಗ್ರೆಟ್. ಮದುವೆ ಮನೆಯ ಊಟಕ್ಕೆ ‘ಬಫೆ’ ಎನ್ನುವ ನಮ್ಮ ಜನ ಈಗಾಗಲೇ ಅಮೆರಿಕನ್ ಉಚ್ಚಾರಣೆಗೆ ಹತ್ತಿರವೇ ಇದ್ದಾರೆ. ‘ಬಫೆಟ್’ ಎಂದರೆ ಷೇರುಪೇಟೆಯ ವಾರೆನ್ ಬಫೆಟ್ ನೆನಪಾಗಬೇಕು, ಊಟವಲ್ಲ.

ಕ್ರೋಸಾಂಟ್ ಎಂದು ನಾವು ಓದುವ ಪದರದ ಬನ್ನು ಅಮೆರಿಕದಲ್ಲಿ ‘ಕ್ರಸಾಂಟ್’, ಬ್ರಿಟನ್ನಿನಲ್ಲಿ ‘ಕ್ವಾಸಾಂ’. ಪ್ಯಾರಿಸ್ಸಿನವರಂತೆ ಗಂಟಲಲ್ಲಿ ರಕಾರ ಉರುಳಿಸುವ ಸಾಹಸ ಬೇಡ, ಇಂಗ್ಲಿಷ್ ವಾಕ್ಯದ ನಡುವೆ ಅದು ಎದ್ದು ಕಾಣುತ್ತದೆ. ಊಟಕ್ಕೆ ಮುಂಚಿನ ಕುರುಕಲಿಗೆ ಇರುವ ಹೆಸರನ್ನು ಬರೆದದ್ದು ನೋಡಿದರೆ ಕುದುರೆಯ ನೆನಪಾದೀತು. ಹೇಳುವುದು ‘ಓರ್ ಡರ್ವ್’. ‘ಆನ್‌ಟ್ರೇ’ ಎಂಬುದರ ಉಚ್ಚಾರಣೆಗಿಂತ ಅರ್ಥದಲ್ಲಿ ಜಾಗ್ರತೆ ಬೇಕು. ಫ್ರಾನ್ಸಿನಲ್ಲಿ ಅದು ಊಟದ ಮೊದಲ ತಟ್ಟೆ, ಅಮೆರಿಕದಲ್ಲಿ ಮುಖ್ಯ ತಟ್ಟೆ. ಎರಡು ಆನ್‌ಟ್ರೇ ತರಿಸಿ ತಿನ್ನಲಾಗದೆ ಕಟ್ಟಿಸಿಕೊಂಡು ಹೋಗಬೇಕಾಗಬಹುದು.

ಬದನೆ, ಟೊಮೆಟೊಗಳ ‘ರಾಟಟೂಯೀ’ಯ ಮೇಲೆ ಪಿಕ್ಸಾರ್ 2007ರಲ್ಲಿ ಸಿನಿಮಾ ಮಾಡಿದಾಗ ಪೋಸ್ಟರಿನಲ್ಲೇ ಹೆಸರನ್ನು ಬಿಡಿಸಿ ಹೇಳುವುದು ಹೇಗೆಂದು ಅಚ್ಚು ಹಾಕಿಸಿತ್ತು. ಅಮೆರಿಕದ ಪ್ರೇಕ್ಷಕರಿಗೇ ಆ ಊರುಗೋಲು ಬೇಕಾಯಿತು ಎಂಬುದನ್ನು ನೆನಪಿಟ್ಟರೆ ನಮ್ಮ ಸಂಕೋಚ ತುಸು ಕಡಿಮೆಯಾಗುತ್ತದೆ.

ಹೆಸರು ಕಣ್ಣಿಗೆ ತೀರಾ ಒಂದೇ ಎನಿಸುವ ಎರಡು ಸಿಹಿಗಳಿವೆ. ‘ಮ್ಯಾಕರಾನ್’ ಎಂದರೆ ಬಣ್ಣಬಣ್ಣದ ಎರಡು ಬಿಲ್ಲೆಗಳ ನಡುವೆ ಕೆನೆ ಮೆತ್ತಿದ ಫ್ರೆಂಚ್ ತಿನಿಸು. ‘ಮ್ಯಾಕರೂನ್’ ಎಂದರೆ ಕೊಬ್ಬರಿಯದೋ ಬಾದಾಮಿಯದೋ ಸಾದಾ ತಿನಿಸು. ತೂತ್ತುಕುಡಿಯ ಗೋಡಂಬಿಯ ಮ್ಯಾಕರೂನ್ ಈ ಕಡೆಯದು. ಇಲ್ಲಿ ಉಚ್ಚಾರಣೆ ತಪ್ಪಿದರೆ ಬೆಲೆಯೂ ತಪ್ಪುತ್ತದೆ, ಮೊದಲನೆಯದು ಬಹಳ ದುಬಾರಿ.

ಉಳಿದ ದೇಶಗಳು, ಬೇಗ ಬೇಗ

ಸ್ಪ್ಯಾನಿಷಿನಲ್ಲಿ ‘ಜೆ’ ಎಂದರೆ ಹಕಾರ, ಎರಡು ‘ಎಲ್’ ಒಟ್ಟಿಗೆ ಬಂದರೆ ಯಕಾರ. ಈ ಎರಡೇ ಗೊತ್ತಿದ್ದರೂ ಮೆಕ್ಸಿಕನ್ ಹೋಟೆಲಿನಲ್ಲಿ ದಾರಿ ತಪ್ಪುವುದಿಲ್ಲ: ಫಹೀಟಾ, ಟೋರ್ಟೀಯಾ, ಕೇಸಡೀಯಾ. ಸ್ಪೇನಿನ ಅನ್ನದ ತಿನಿಸು ‘ಪಾಎಯಾ’, ಬ್ರಿಟನ್ನಿನಲ್ಲಿ ‘ಪೈಎಲಾ’ ಎಂಬುದೂ ಚಾಲ್ತಿ. ಕಿರುಧಾನ್ಯದ ಹಾಗೆ ಕಾಣುವ, ಆಂಡಿಸ್ ಪರ್ವತದಿಂದ ಬಂದ ಕಾಳು ‘ಕ್ವಿನೋವಾ’ ಅಲ್ಲ, ‘ಕೀನ್ವಾ’. ಅಲ್ಲಿಯ ಕೆಚುವಾ ಭಾಷೆಯ ಹೆಸರನ್ನು ಸ್ಪ್ಯಾನಿಷರು ತಮ್ಮ ಕಾಗುಣಿತದಲ್ಲಿ ಬರೆದರು, ಇಂಗ್ಲಿಷ್ ಓದುಗರು ಮೋಸ ಹೋದರು. ವಿಶ್ವಸಂಸ್ಥೆ 2013ನ್ನು ಈ ಕಾಳಿನ ವರ್ಷವೆಂದು ಸಾರಿದ ಮೇಲೂ ಗೊಂದಲ ಮುಗಿದಿಲ್ಲ. ಬ್ರೆಜಿಲ್‌ನ ನೇರಳೆ ಬಣ್ಣದ ಹಣ್ಣು ‘ಅಸಾಯೀ’, ಒತ್ತು ಕೊನೆಯ ಮೇಲೆ.

ವಿಯೆಟ್ನಾಮಿನ ಸೂಪು-ಶಾವಿಗೆಯನ್ನು ‘ಫೋ’ ಎಂದು ಓದುವವರೇ ಹೆಚ್ಚು. ಅದು ‘ಫ’, ಕೊನೆಯ ಅಕಾರವನ್ನು ಸ್ವಲ್ಪ ಎಳೆದು, ಪ್ರಶ್ನೆ ಕೇಳಿದಂತೆ ದನಿ ಏರಿಸಿ. ಗ್ರೀಕರ ರೊಟ್ಟಿಯಲ್ಲಿ ಸುತ್ತಿದ ಮಾಂಸ ‘ಗೈರೊ’ ಅಲ್ಲ, ‘ಯೀರೊ’. ಜಪಾನಿನ ಹೆಸರುಗಳು ನಮಗೆ ಎಲ್ಲಕ್ಕಿಂತ ಸುಲಭ. ಅವರ ಸ್ವರಗಳು ಹೆಚ್ಚುಕಡಿಮೆ ನಮ್ಮವೇ, ರೋಮನ್ ಲಿಪಿಯಲ್ಲಿ ಬರೆದದ್ದನ್ನು ಕಂಡ ಹಾಗೆ ಓದಿದರೆ ಸಾಕು. ಅಕ್ಕಿಯ ಮದ್ಯ ‘ಸಾಕೆ’, ಎಳೆ ಸೋಯಾ ಕಾಯಿ ‘ಎಡಮಾಮೆ’. ಪದದ ಕೊನೆಗೆ ಬರುವ ಗಿಡ್ಡ ‘ಎ’ ಇಂಗ್ಲಿಷರಿಗೆ ಒಗ್ಗದು, ಅವರು ‘ಸಾಕಿ’, ‘ಎಡಮಾಮಿ’ ಎಂದುಬಿಡುತ್ತಾರೆ. ಮನೆ, ದೋಸೆ, ಬೇಳೆ ಎನ್ನುವವರಿಗೆ ಆ ತೊಡಕಿಲ್ಲ.

ಇಂಗ್ಲಿಷರೇ ಒಪ್ಪದ ಮಾತುಗಳು

ಟಮಾಟೊ ಸರಿಯೋ ಟಮೇಟೊ ಸರಿಯೋ? ಬ್ರಿಟನ್ನಿನಲ್ಲಿ ಮೊದಲನೆಯದು, ಅಮೆರಿಕದಲ್ಲಿ ಎರಡನೆಯದು. 1937ರ ‘ಶಲ್ ವಿ ಡಾನ್ಸ್’ ಚಿತ್ರದಲ್ಲಿ ಗರ್ಶ್ವಿನ್ ಸೋದರರ ಒಂದು ಹಾಡೇ ಈ ಜಗಳದ ಮೇಲಿದೆ. ಸೊಪ್ಪು-ಮೂಲಿಕೆಗಳಿಗೆ ಬ್ರಿಟಿಷರು ‘ಹರ್ಬ್’ ಎಂದರೆ ಅಮೆರಿಕನ್ನರು ‘ಅರ್ಬ್’ ಎನ್ನುತ್ತಾರೆ. ಅಮೆರಿಕನ್ನರು ಹಕಾರ ನುಂಗಿದರೆಂದು ಬ್ರಿಟಿಷರು ಮೂಗು ಮುರಿಯುವುದುಂಟು. ನಿಜಕ್ಕೂ ಹಳೆಯದು ಹಕಾರವಿಲ್ಲದ ರೂಪವೇ, ಬ್ರಿಟಿಷರು ಅದನ್ನು ಆಮೇಲೆ ಸೇರಿಸಿಕೊಂಡರು. ಬ್ರಿಟನ್ನಿನ ಬ್ಯಾಝಿಲ್ ಅಮೆರಿಕದಲ್ಲಿ ಬೇಝಿಲ್, ಒರಿಗಾನೊ ಅಲ್ಲಿ ಒರೆಗನೊ, ಯಾಗರ್ಟ್ ಅಲ್ಲಿ ಯೋಗರ್ಟ್. ಯಾವುದಾದರೊಂದನ್ನು ಹಿಡಿದು ಅದರಲ್ಲೇ ಇರಿ. ಒಂದೇ ಉಸಿರಿನಲ್ಲಿ ಟಮಾಟೊವನ್ನೂ ಅರ್ಬ್‌ಅನ್ನೂ ಬೆರೆಸಿದರೆ ಅಷ್ಟು ಚೆನ್ನಾಗಿರದು.

ಚಹಾದ ಜೊತೆಗಿನ ‘ಸ್ಕೋನ್’ ವಿಷಯದಲ್ಲಿ ಬ್ರಿಟನ್ನಿನ ಮನೆಮನೆಯಲ್ಲೂ ವಾದವಿದೆ. ಸ್ಕಾಟ್ಲೆಂಡಿನವರು, ಉತ್ತರ ಇಂಗ್ಲೆಂಡಿನವರು ಹೆಚ್ಚಾಗಿ ‘ಸ್ಕಾನ್’ ಎನ್ನುತ್ತಾರೆ. ಸಾಲದ್ದಕ್ಕೆ ಅದೇ ಕಾಗುಣಿತದ ಊರೊಂದು ಸ್ಕಾಟ್ಲೆಂಡಿನಲ್ಲಿದೆ, ಅದರ ಹೆಸರು ‘ಸ್ಕೂನ್’. 2023ರಲ್ಲಿ ದೊರೆ ಚಾರ್ಲ್ಸ್‌ರ ಪಟ್ಟಾಭಿಷೇಕಕ್ಕೆ ಲಂಡನ್ನಿಗೆ ಹೊತ್ತು ತಂದ ಕಲ್ಲಿಗೆ ಆ ಊರಿನದೇ ಹೆಸರು.

ಊರಿನ ಹೆಸರೇ ಕಾಟ ಕೊಡುವ ಇನ್ನೊಂದು ಸೀಸೆ ನಮ್ಮ ಸೂಪರ್ ಮಾರ್ಕೆಟ್ಟುಗಳಲ್ಲೂ ಇದೆ. ಇಂಗ್ಲೆಂಡಿನ ವುಸ್ಟರ್ ಊರಿನಲ್ಲಿ ಲೀ ಮತ್ತು ಪೆರಿನ್ಸ್ ಎಂಬ ಔಷಧಿ ಅಂಗಡಿಯವರು 1837ರಲ್ಲಿ ಮಾರಲು ಶುರುಮಾಡಿದ, 14 ಅಕ್ಷರಗಳ ಹೆಸರಿನ ಕಂದು ಸಾಸ್. ‘ವೋರ್ಸೆಸ್ಟರ್‌ಶೈರ್’ ಎಂದು ಏದುಸಿರು ಬಿಡಬೇಕಿಲ್ಲ. ‘ವುಸ್ಟರ್ ಸಾಸ್’ ಎಂದರೆ ಬ್ರಿಟನ್ನಿನಲ್ಲಿ ಸಾಕು. ಅದರಲ್ಲಿ ಹುಣಸೆಹಣ್ಣು ಇದೆ, ಆಂಚೊವಿ ಎಂಬ ಮೀನೂ ಇದೆ. ಸಸ್ಯಾಹಾರಿಗಳು ಉಚ್ಚಾರಣೆಗಿಂತ ಮೊದಲು ಲೇಬಲ್ ಓದಬೇಕು.

ಬ್ರ್ಯಾಂಡುಗಳ ಮಟ್ಟಿಗೆ ಕಂಪನಿ ಹೇಳಿದ್ದೇ ವೇದ. ನಂಜನಗೂಡಿನಲ್ಲಿ ಕಾರ್ಖಾನೆ ಇರುವ ಸ್ವಿಸ್ ಕಂಪನಿ ‘ನೆಸ್ಲೇ’, ನಡುವಿನ ‘ಟಿ’ ಮೌನ. ಹಾಗೆನ್-ಡಾಸ್ ಐಸ್‌ಕ್ರೀಮಿನದು ಬೇರೆಯೇ ತಮಾಷೆ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ರೂಬೆನ್ ಮ್ಯಾಟಸ್ ಎಂಬಾತ ಡೇನಿಷ್ ಹೆಸರಿನಂತೆ ಕೇಳಿಸಲೆಂದು ಕಟ್ಟಿದ ಪದ ಅದು. ಡೇನಿಷ್ ಸೇರಿ ಯಾವ ಭಾಷೆಯಲ್ಲೂ ಅದಕ್ಕೆ ಅರ್ಥವಿಲ್ಲ.

ಅತಿಯಾದರೆ

ಕಲಿತ ನಿಯಮವನ್ನು ಕಂಡಲ್ಲೆಲ್ಲ ಹಾಕುವುದು ಇನ್ನೊಂದು ಬಗೆಯ ತಪ್ಪು. ಹಲಪೇನ್ಯೊ ಕಲಿತವರು ‘ಹಬನೇರೊ’ ಮೆಣಸನ್ನೂ ‘ಹಬನ್ಯೇರೊ’ ಮಾಡುತ್ತಾರೆ. ಅಲ್ಲಿ ಅಲೆಗೆರೆಯೇ ಇಲ್ಲ, ಹವಾನಾ ಊರಿನಿಂದ ಬಂದ ಸಾದಾ ನಕಾರ. ಫ್ರೆಂಚರು ಕೊನೆಯಕ್ಷರ ಹೇಳುವುದಿಲ್ಲ ಎಂದು ಕೇಳಿದವರು ‘ನೀಸ್ವಾಝ್’ ಸಲಾಡಿನ ಝಕಾರವನ್ನೂ ನುಂಗುತ್ತಾರೆ. ಕೊನೆಗೆ ‘ಇ’ ಇದೆಯಲ್ಲ, ನುಂಗಬಾರದು.

ಅನುಮಾನ ಬಂದಾಗ ಕೇಂಬ್ರಿಜ್ ಅಥವಾ ಮೆರಿಯಂ-ವೆಬ್‌ಸ್ಟರ್ ನಿಘಂಟಿನ ಜಾಲತಾಣ ತೆರೆದು ಪದದ ಪಕ್ಕದ ಸ್ಪೀಕರ್ ಚಿತ್ರ ಒತ್ತಿ. ಕೇಂಬ್ರಿಜ್‌ನಲ್ಲಿ ಬ್ರಿಟಿಷ್, ಅಮೆರಿಕನ್ ಎರಡೂ ಬೇರೆ ಬೇರೆಯಾಗಿ ಕೇಳಿಸುತ್ತವೆ. ಆಯಾ ದೇಶದವರ ಬಾಯಲ್ಲೇ ಕೇಳಬೇಕೆಂದರೆ ‘ಫೋರ್ವೊ’ ಎಂಬ ತಾಣವಿದೆ. ಕೇಳಿದ್ದನ್ನು ಕೂಡಲೇ ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ನಾಳೆ ಮತ್ತೆ ಮೋಸ ಹೋಗುತ್ತೀರಿ. ಹೋಟೆಲಿನಲ್ಲಿದ್ದಾಗ ಅದಕ್ಕೂ ಸಮಯವಿಲ್ಲದಿದ್ದರೆ ಬಡಿಸುವವರನ್ನೇ ಕೇಳಿ, ಅವರು ದಿನಕ್ಕೆ ಹತ್ತು ಸಲ ಅದನ್ನು ಹೇಳುತ್ತಾರೆ.

ತಿದ್ದುವ ಉತ್ಸಾಹ ಇರುವವರಿಗೂ ಒಂದು ಮಾತು. ಮೆಣಸಿನ ಸಾರಿಗೆ ತಮಿಳರಿಟ್ಟ ‘ಮಿಳಗು ತಣ್ಣೀರ್’ ಎಂಬ ಹೆಸರನ್ನು ಇಂಗ್ಲಿಷರು ‘ಮಲ್ಲಿಗಟಾನಿ’ ಮಾಡಿ ತಮ್ಮ ನಿಘಂಟಿನಲ್ಲೇ ಸೇರಿಸಿಕೊಂಡರು, ಯಾರ ಕ್ಷಮೆಯನ್ನೂ ಕೇಳಲಿಲ್ಲ. ಹೀಗಿರುವಾಗ ಎದುರು ಕೂತವರು ‘ಸಾಲ್ಮನ್’ ಎಂದರೆ ಊಟದ ಮೇಜಿನಲ್ಲಿ ನಾಲ್ಕು ಜನರೆದುರು ತಿದ್ದಬೇಡಿ. ಹೋಟೆಲಿನವರಾಗಿದ್ದರೆ ಆರ್ಡರನ್ನು ಮತ್ತೊಮ್ಮೆ ಓದಿ ಹೇಳುವಾಗ ಸರಿಯಾದ ರೂಪವನ್ನು ನೀವು ಬಳಸಿ, ಕೇಳಿಸಿಕೊಳ್ಳುವವರು ಕೇಳಿಸಿಕೊಳ್ಳುತ್ತಾರೆ. ಗೆಳೆಯರಾಗಿದ್ದರೆ ಮುಂದಿನ ಮಾತಿನಲ್ಲಿ ನೀವೇ ‘ಸ್ಯಾಮನ್’ ಎಂದುಬಿಡಿ, ಅಷ್ಟು ಸಾಕು.